ನಮ್ಮ ಕಿಟಕಿಯ ಕರೆಂಟು

ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಕುರ್ಚಿ ಹತ್ತಿ ಸೂರಿನ ಬಲ್ಬು ಬಿಚ್ಚುವುದು ನನ್ನ ಪಾಲಿನ ಕೆಲಸವಾಗಿತ್ತು. ವಾರದ ಆರು ದಿನ ಲಾಂಡ್ರಿಯಲ್ಲಿ ಹೋಟೆಲುಗಳ ಹಾಸಿಗೆ ಬಟ್ಟೆಯನ್ನು ಇಸ್ತ್ರಿ ಯಂತ್ರದ ಬಾಯಿಗೆ ಕೊಟ್ಟು ಕೊಟ್ಟು ತೋಳು ಕಿತ್ತುಬಂದಂತಾಗಿರುತ್ತಿತ್ತು. ದೇವರೇ ದಣಿದು ಕೂತ ಏಳನೆಯ ದಿನ ನಾನು ಮಾತ್ರ ಎರಡೂ ಕೈ ಮೇಲೆತ್ತಿಕೊಂಡು ಕುರ್ಚಿಯ ಮೇಲೆ ನಿಂತಿರುತ್ತಿದ್ದೆ. ಬಲ್ಬು ಬಿಚ್ಚಿದ ಹೋಲ್ಡರಿಗೆ ಗಿಟಾರಿನ ಹುಡುಗ ವಾರ್ಡೆಲ್‌ನ ತಂತಿಯ ತುದಿಯನ್ನು ತಿರುಗಿಸಿ ಕೂರಿಸಬೇಕು. ಆ ತಂತಿ ಸೂರಿನಿಂದ ಇಳಿದು, ನಮ್ಮ ಮಂಚದ ಮೇಲೆ ಹಾದು, ಕಿಟಕಿಯಿಂದ ಶಿಕಾಗೋದ ಮ್ಯಾಕ್ಸ್‌ವೆಲ್ ಬೀದಿಗೆ ಹೋಗುತ್ತಿತ್ತು. ಅಲ್ಲಿ ಫುಟ್‌ಪಾತಿನ ಮೇಲೆ ವಾರ್ಡೆಲ್ ತನ್ನ ಸ್ಪೀಕರ್ ಪೆಟ್ಟಿಗೆ ಇಟ್ಟುಕೊಂಡು, ಗಿಟಾರಿಗೆ ನಮ್ಮ ಮನೆಯ ಕರೆಂಟು ಕುಡಿಸಿ, ಮಧ್ಯಾಹ್ನದವರೆಗೆ ಬೀದಿಯ ಕಿವಿ ತೂತಾಗುವಂತೆ ನುಡಿಸುತ್ತಿದ್ದ. ಪಕ್ಕದಲ್ಲಿ ಅವನ ಡ್ರಮ್ಮಿನವನೊಬ್ಬ ಇರುತ್ತಿದ್ದ.

ಆಗೆಲ್ಲ ನಮ್ಮ ಬೀದಿಯ ಕೆಳಮಹಡಿಯವರು ಮಾಡುತ್ತಿದ್ದದ್ದೇ ಹಾಗೆ. ಯಾರ ಕಿಟಕಿ ಸಿಕ್ಕಿತೋ ಅವರ ಮನೆ ಮುಂದೆ ಒಂದು ವಾದ್ಯದವರ ಗುಂಪು. ಕಿಟಕಿಗೆ ಬಾಡಿಗೆ ಉಂಟು. ನಮ್ಮ ಕಿಟಕಿಯ ಬಾಡಿಗೆ ಒಂದು ಕೋಳಿ, ಜೀವ ಇರುವ ಕೋಳಿ. ಅದರ ಕುತ್ತಿಗೆ ಮುರಿದು ಕೊಯ್ಯುವುದೂ ನಾನೇ. ನನ್ನ ಗಂಡ ಎಜ್ರಾ ವಾರವೆಲ್ಲ ಕಸಾಯಿಖಾನೆಯ ಶೀತದ ಕೋಣೆಯಲ್ಲಿ ಹಂದಿ ಸೀಳುತ್ತಿದ್ದವನು, ಭಾನುವಾರ ಚಾಕು ಮುಟ್ಟುವುದಿಲ್ಲವೆಂದು ಆಣೆ ಮಾಡಿದ್ದ.

ನಮ್ಮ ಮೇಲಿನ ಮಹಡಿಯಲ್ಲಿ ಒಡೆಸ್ಸಾ ಎಂಬ ಹೆಂಗಸಿದ್ದಳು, ಚರ್ಚಿನಲ್ಲಿ ಜನರನ್ನು ಸಾಲಾಗಿ ಕೂರಿಸುವ ಸೇವೆ ಅವಳದು. ಬಿಳಿ ಉಡುಪು ತೊಟ್ಟು ಮೆಟ್ಟಿಲಿಳಿಯುತ್ತ ಪ್ರತಿ ವಾರ ನಮ್ಮ ಬಾಗಿಲ ಮುಂದೆ ನಿಲ್ಲುತ್ತಿದ್ದಳು.

"ದೇವರ ದಿನ ಸೈತಾನನ ಹಾಡಿಗೆ ಕರೆಂಟ್ ಕೊಡ್ತೀಯಲ್ಲೇ ಲುವೀನಿಯಾ, ನಿಂಗೆ ಹೆದರಿಕೆ ಇಲ್ವಾ?"

"ಸೈತಾನ ಬಂದ್ರೆ ಕೋಳಿ ಕೊಟ್ಟು ಹೋಗ್ತಾನೆ ಒಡೆಸ್ಸಾ. ನಿಮ್ಮ ಪಾದ್ರಿ ಬಂದ್ರೆ ಕೋಳಿ ತಿಂದು ಹೋಗ್ತಾರೆ."

ಅವಳು ನಗು ಬಂದರೂ ನಗದೆ ಹೋಗುತ್ತಿದ್ದಳು. ಬಾಯಿ ನನ್ನದು ಯಾವತ್ತೂ ಜೋರೇ. ಆದರೆ ಆ ಕಿಟಕಿ ಕೊಟ್ಟಿದ್ದಕ್ಕೆ ನನ್ನೊಳಗೆ ಒಂದು ಮುಳ್ಳು ಇತ್ತು. ಅದು ಒಡೆಸ್ಸಾ ಚುಚ್ಚಿದ ಮುಳ್ಳಲ್ಲ.

ಎಜ್ರಾ ಕೂಡ ನುಡಿಸುವವನೇ. ಮಿಸಿಸಿಪಿಯಲ್ಲಿ ನಾವು ಹತ್ತಿ ಬಿಡಿಸುತ್ತಿದ್ದ ಕಾಲದಲ್ಲಿ ಶನಿವಾರ ಸಂಜೆ ಅವನು ಯಾರದಾದರೂ ಜಗಲಿಯಲ್ಲಿ ಕೂತು ಮರದ ಗಿಟಾರ್ ಎತ್ತಿಕೊಂಡರೆ, ಒಂದು ಮೈಲಿ ಆಚೆಯ ಹೊಲದ ಜನ ಲಾಟೀನು ಹಿಡಿದು ಬರುತ್ತಿದ್ದರು. ನಾನೂ ಹಾಗೆ ಬಂದವಳೇ. ಶಿಕಾಗೋಗೆ ರೈಲು ಹತ್ತಿದಾಗ ನನ್ನ ತೊಡೆಯ ಮೇಲೆ ಕಬ್ಬಿಣದ ಬಾಣಲೆ, ಅವನ ತೊಡೆಯ ಮೇಲೆ ಕೌದಿಯಲ್ಲಿ ಸುತ್ತಿದ ಗಿಟಾರ್. ಬೇರೆ ಆಸ್ತಿ ಏನೂ ಇರಲಿಲ್ಲ.

ಬಂದ ಮೊದಲ ಬೇಸಿಗೆಯಲ್ಲಿ ಅವನು ಬೀದಿಯಲ್ಲಿ ನಿಂತು ನೋಡಿದ. ಒಂದು ಕಡೆ ಹಾಲ್‌ಸ್ಟೆಡ್ ರಸ್ತೆಯ ಟ್ರಾಮು ಹಳಿ ಕೆರೆದುಕೊಂಡು ಹೋಗುತ್ತದೆ, ಇನ್ನೊಂದು ಕಡೆ ಮೀನಿನವನು ಬಾಯಿಬಡಿದುಕೊಳ್ಳುತ್ತಾನೆ, ಪಂಜರದ ಕೋಳಿಗಳು, ಹಳೆ ಕೋಟು ಮಾರುವವರು, ಪ್ರಳಯ ಬಂತೆಂದು ಕೂಗುವ ಭಕ್ತರು. ಎಜ್ರಾ ನಾಲ್ಕು ಗಂಟೆ ನುಡಿಸಿದ. ಕೊನೆಗೆ ಒಬ್ಬ ಮುದುಕಿ ಹತ್ತಿರ ಬಂದು, "ಏನಪ್ಪಾ ಮಾರ್ತಿದೀಯ? ನೀನು ಕೈಯಾಡಿಸೋದು ಕಾಣುತ್ತೆ, ಕೇಳ್ಸಲ್ಲ" ಅಂದಳು. ಮುಂದಿನ ವಾರ ಜೋರಾಗಿ ಬಾರಿಸಿ ಎರಡು ತಂತಿ ಹರಿದುಕೊಂಡ. ಅದರ ಮುಂದಿನ ವಾರ ಗಿಟಾರ್ ಮಂಚದ ಕೆಳಗೆ ಹೋಯಿತು.

ವರ್ಷಗಳು ಹೋದವು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ವಾರ್ಡೆಲ್ ಬಂದು ಕಿಟಕಿ ಕೇಳಿದ. ನಾನು ಹೂಂ ಅಂದೆ. ಎಜ್ರಾನನ್ನು ಕೇಳಲಿಲ್ಲ. ಅವತ್ತು ನನಗೆ ಎಷ್ಟು ದಣಿವಾಗಿತ್ತೆಂದರೆ, ಯಾರು ಏನು ಕೇಳಿದ್ದರೂ ಹೂಂ ಅನ್ನುತ್ತಿದ್ದೆ. ಸಂಜೆ ಎಜ್ರಾನಿಗೆ ಹೇಳಿದಾಗ ಅವನು ಕೋಳಿಯನ್ನು ಎತ್ತಿ ನೋಡಿ, "ದಪ್ಪ ಇದೆ" ಅಂದ, ಅಷ್ಟೇ. ನನ್ನ ಗಂಡನ ದನಿಯನ್ನು ಯಾವ ಗದ್ದಲ ನುಂಗಿತ್ತೋ ಆ ಗದ್ದಲಕ್ಕೆ ನನ್ನ ಕೈಯಾರೆ ನಾನೇ ಕರೆಂಟು ಕೊಟ್ಟಿದ್ದೆ. ಮುಳ್ಳು ಅಂದದ್ದು ಇದನ್ನೇ.

ವಿಚಿತ್ರವೆಂದರೆ, ವಾರ್ಡೆಲ್ ಬಂದ ಮೇಲೆ ಎಜ್ರಾ ಮತ್ತೆ ಗಿಟಾರ್ ಹೊರತೆಗೆದ. ಆದರೆ ಭಾನುವಾರ ಮಾತ್ರ, ಹೊರಗೆ ಗದ್ದಲ ಶುರುವಾದ ಮೇಲೆ ಮಾತ್ರ. ಮಂಚದ ಅಂಚಿನಲ್ಲಿ ಕಿಟಕಿಗೆ ಬೆನ್ನು ಹಾಕಿ ಕೂತು, ಮಧ್ಯಾಹ್ನದವರೆಗೆ ಬೆರಳಾಡಿಸುತ್ತಿದ್ದ. ಬಲ್ಬಿಲ್ಲದ ಕೋಣೆಯ ಅರೆಗತ್ತಲಲ್ಲಿ ಅವನ ಹೆಬ್ಬೆರಳು ಮೇಲೆ ಕೆಳಗೆ ಆಗುವುದು ಕಾಣುತ್ತಿತ್ತು. ಒಂದು ಸ್ವರವೂ ನನಗೆ ಕೇಳುತ್ತಿರಲಿಲ್ಲ. ನಾಲ್ಕು ಜನರ ಮುಂದೆ ಅಳಲಾಗದವರು ನಲ್ಲಿ ಬಿಟ್ಟುಕೊಂಡು ಅಳುತ್ತಾರಲ್ಲ, ಇದೂ ಹಾಗೇ ಎಂದುಕೊಂಡು ನಾನು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದೆ. ನಿದ್ದೆ ಎಲ್ಲಿಂದ ಬರಬೇಕು.

ಎರಡು ವರ್ಷ ಹೀಗೇ ಕಳೆಯಿತು. ಅಕ್ಟೋಬರಿನ ಒಂದು ಶನಿವಾರ ಎಜ್ರಾ ಕೆಲಸದಿಂದ ಬಂದವನು ಮೂಳೆ ಸಾರಿನ ತಟ್ಟೆಯ ಮುಂದೆ ಕೂತ. ತಟ್ಟೆಗೇ ಹೇಳುವಂತೆ ಹೇಳಿದ.

"ನಾಳೆ ವಾರ್ಡೆಲ್ ನುಡಿಸಿ ಮುಗಿಸಿದ್ಮೇಲೆ ಗಿಟಾರ್ ತಗೊಂಡು ಜೆಲ್ಮನ್ ಹತ್ರ ಹೋಗ್ತೀನಿ."

ಜೆಲ್ಮನ್ ಮುದುಕ ನಮ್ಮ ಬೀದಿಯಲ್ಲಿ ಮೇಜು ಹಾಕಿಕೊಂಡು ಹಳೆ ಸಾಮಾನು ಮಾರುತ್ತಿದ್ದವನು. ಸತ್ತವರ ಹಲ್ಲಿನ ಸೆಟ್ಟು, ಒಂಟಿ ಬೂಟು, ನಿಂತ ಗಡಿಯಾರ, ಏನು ಬೇಕಾದರೂ ಅವನ ಮೇಜಿಗೆ ಬಂದು ಬೀಳುತ್ತಿತ್ತು.

"ತಂತಿ ಹಾಕ್ಸೋಕಾ?" ಅಂದೆ, ಗೊತ್ತಿದ್ದೂ.

"ಮಾರೋಕೆ."

"ಯಾಕೆ? ಅದೇನು ನಿನ್ನ ಹತ್ರ ಅನ್ನ ಕೇಳುತ್ತಾ?"

"ಸಾಕು ಕಣೇ."

"ಏನು ಸಾಕು?"

"ಸಾಕು ಅಂದ್ರೆ ಸಾಕು." ಬ್ರೆಡ್ಡಿನ ತುಂಡಿನಿಂದ ತಟ್ಟೆ ಒರೆಸಿ ತಿಂದು ಎದ್ದುಹೋದ.

ನಾನು ಪಾತ್ರೆ ತೊಳೆಯುತ್ತ ನಿಂತೆ. ಜಗಳವಾಡಬಹುದಿತ್ತು, ಆಡುವ ಶಕ್ತಿ ಇರಲಿಲ್ಲ. ಆ ಗಿಟಾರ್ ಹೋದರೆ ಈ ಮನೆಯಲ್ಲಿ ಉಳಿಯುವುದು ಹಂದಿ ಕತ್ತರಿಸುವವನೊಬ್ಬ, ಬಟ್ಟೆ ಒಗೆಯುವವಳೊಬ್ಬಳು. ಲಾಟೀನು ಹಿಡಿದು ಯಾರೋ ಯಾರನ್ನೋ ಹುಡುಕಿಕೊಂಡು ಬಂದಿದ್ದರು ಎಂಬುದಕ್ಕೆ ಸಾಕ್ಷಿಯೇ ಇರುವುದಿಲ್ಲ. ಒಬ್ಬರಾದರೂ, ಈ ಊರಿನಲ್ಲಿ ಒಬ್ಬರಾದರೂ ಅವನು ನುಡಿಸುವುದನ್ನು ಕೇಳಿ ತಲೆದೂಗಿದರೆ ಅವನು ಮಾರುವುದಿಲ್ಲ ಎಂದು ನನಗೆ ಖಾತ್ರಿಯಾಗಿ ಅನಿಸಿತು.

ಮರುದಿನ ವಾರ್ಡೆಲ್ ಕಂಕುಳಲ್ಲಿ ಕೋಳಿ ಇರುಕಿಕೊಂಡು ಕಿಟಕಿಯಿಂದ ತಲೆ ಹಾಕಿದ. ಹೊಸ ಟೈ ಕಟ್ಟಿಕೊಂಡಿದ್ದ.

"ಅಕ್ಕಾ, ಇವತ್ತು ಕರೆಂಟ್ ಸ್ವಲ್ಪ ಗಟ್ಟಿಯಾಗಿ ಕೊಡಿ. ಬೂದು ಟೊಪ್ಪಿ ಬರ್ತಾನೆ."

"ಕರೆಂಟೇನು ನಮ್ಮನೆ ಹಸುವಿನ ಹಾಲೇನೋ, ನೀರು ಹಾಕದೆ ಗಟ್ಟಿಯಾಗಿ ಕೊಡೋಕೆ? ಆ ಟೈ ಯಾರದ್ದು?"

"ಜೆಲ್ಮನ್ ಮೇಜಿಂದು."

"ಹಾಗಾದ್ರೆ ಸತ್ತವನದ್ದು. ಗಂಟು ಬಿಗಿ ಮಾಡ್ಕೋಬೇಡ."

ಬೂದು ಟೊಪ್ಪಿಯವನು ಯಾವುದೋ ಸಣ್ಣ ರೆಕಾರ್ಡ್ ಕಂಪನಿಯವನು. ಹಿಂದಿನ ಎರಡು ಭಾನುವಾರವೂ ಬಂದು, ಏನೂ ಹೇಳದೆ ಕೇಳಿ ಹೋಗಿದ್ದ. ನಾನು ಕುರ್ಚಿ ಹತ್ತಿ ಬಲ್ಬು ಬಿಚ್ಚಿದೆ, ತಂತಿ ತಿರುಗಿಸಿದೆ. ಹೊರಗೆ ಸ್ಪೀಕರ್ ಪೆಟ್ಟಿಗೆ ಗೊರಗುಟ್ಟಿ ಎಚ್ಚರವಾಯಿತು.

ಹತ್ತೂವರೆಗೆ ಬೂದು ಟೊಪ್ಪಿಯವನು ಬಂದ. ಕಿಟಕಿಯಿಂದ ಮೂರು ಮಾರು ದೂರದಲ್ಲಿ ನಿಂತು, ಹುರಿದ ಈರುಳ್ಳಿ ಹಾಕಿದ ಸಾಸೇಜ್ ತಿನ್ನುತ್ತ, ಒಂದು ಪಾದ ಕುಣಿಸುತ್ತ ಕೇಳುತ್ತಿದ್ದ. ಒಳಗೆ ಎಜ್ರಾ ಎಂದಿನಂತೆ ಬೆನ್ನು ಹಾಕಿ ಕೂತಿದ್ದ. ಅವನ ಹೆಬ್ಬೆರಳು ಆಡುತ್ತಿತ್ತು, ಕಣ್ಣು ಮುಚ್ಚಿತ್ತು. ಇಬ್ಬರ ನಡುವೆ ಇದ್ದದ್ದು ಹಿಟ್ಟಿನ ಚೀಲ ಹೊಲಿದು ಮಾಡಿದ ನನ್ನ ಪರದೆ, ಮತ್ತೆ ವಾರ್ಡೆಲ್‌ನ ಗದ್ದಲ.

ಪರದೆ ಸರಿಸಿದೆ. ಸಪ್ಪಳವಾಗದಂತೆ ಕುರ್ಚಿ ಎಳೆದು ಹತ್ತಿದೆ. ಸಪ್ಪಳವಾದರೂ ಕೇಳುತ್ತಿರಲಿಲ್ಲ, ಕಳ್ಳಬುದ್ಧಿ ನೋಡಿ. ವಾರ್ಡೆಲ್‌ನ ನೆನಪೂ ಬಂತು. ಅವನ ಹೊಸ ಟೈ, ಅವನಿಗೂ ಇದು ದೊಡ್ಡ ದಿನ. ಎರಡೇ ನಿಮಿಷ ಎಂದುಕೊಂಡು ತಂತಿಯನ್ನು ತಿರುಗಿಸಿ ಕಿತ್ತುಬಿಟ್ಟೆ.

ಪೆಟ್ಟಿಗೆಯ ಉಸಿರು ನಿಂತಿತು. ಡ್ರಮ್ಮಿನವನು ಕೈ ಎತ್ತಿದವನು ಹಾಗೇ ನಿಂತ. ನಮ್ಮ ಕಿಟಕಿಯ ಮುಂದಷ್ಟೇ ಬೀದಿಗೆ ಒಂದು ತೂತು ಬಿದ್ದಂತಾಗಿ, ಆ ತೂತಿನೊಳಗೆ ಎಜ್ರಾನ ಗಿಟಾರ್ ಕೇಳಿಸಿತು.

ನಾನು ಕಾದಿದ್ದು ಊರಿನ ಆ ಹಳೆಯ ನುಡಿಸುವಿಕೆಗೆ. ಒಂದು ಗಿಟಾರಿನಲ್ಲಿ ಮೂರು ಜನ ಕೂತಂತೆ ತುಂಬಿ ಬರುತ್ತಿದ್ದದ್ದಕ್ಕೆ. ಬಂದದ್ದು ಅದಲ್ಲ. ದಪ್ಪ ತಂತಿಯ ಮೇಲೆ ಎರಡು ಏಟು. ಆಮೇಲೆ ಖಾಲಿ. ಮೂರು ಸ್ವರ ಸರಸರ ಇಳಿದವು. ಮತ್ತೆ ಖಾಲಿ. ಮತ್ತೆ ಎರಡು ಏಟು. ಟೆಲಿಫೋನಿನಲ್ಲಿ ಯಾರೋ ಮಾತಾಡುತ್ತಿರುವಾಗ ಒಂದೇ ಕಡೆಯ ಮಾತು ಕೇಳಿದರೆ ಹೇಗೋ ಹಾಗೆ, ಹೂಂ, ಹೌದಾ, ಆಮೇಲೆ, ಅಷ್ಟೇ.

ಸಾಸೇಜ್ ಮಾರುವವನು ತನ್ನ ಗಾಡಿಯ ಹಿಂದಿನಿಂದ ಕೂಗಿದ: "ಒಳಗೆ ಯಾರೋ ಮಂಚ ರಿಪೇರಿ ಮಾಡ್ತಾವ್ರೆ ಕಣ್ರೋ!"

ಜನ ನಕ್ಕರು. ಬೂದು ಟೊಪ್ಪಿಯವನು ಕಿಟಕಿಯ ಕಡೆ ನೋಡಿ, ಅವನೂ ನಕ್ಕು, ತುಟಿಯ ಸಾಸಿವೆ ಗೊಜ್ಜು ಒರೆಸಿಕೊಂಡ. ಅಷ್ಟರಲ್ಲಿ ಎಜ್ರಾನ ಹೆಬ್ಬೆರಳು ಗಾಳಿಯಲ್ಲೇ ನಿಂತಿತು. ಅವನು ತಿರುಗಿದ. ಕುರ್ಚಿಯ ಮೇಲೆ, ಕೈಯಲ್ಲಿ ತಂತಿ ಹಿಡಿದು ನಿಂತಿದ್ದ ನನ್ನನ್ನು ನೋಡಿದ.

ವಾರ್ಡೆಲ್ ಕಿಟಕಿಯಿಂದ ಅರ್ಧ ಮೈ ಒಳಗೆ ಹಾಕಿದ. "ಅಕ್ಕಾ! ಏನಾಯ್ತಕ್ಕಾ? ಫ್ಯೂಸ್ ಹೋಯ್ತಾ?"

ನಾನು ತಂತಿಯ ತುದಿಯನ್ನು ಬೆನ್ನ ಹಿಂದೆ ಬಚ್ಚಿಟ್ಟೆ.

"ಇಲ್ಲ ಕಣಪ್ಪಾ," ಅಂದ ಎಜ್ರಾ, ಮೆಲ್ಲಗೆ. "ತಿರುಪು ಸಡಿಲ ಆಗಿತ್ತು. ಅವಳು ಸರಿ ಮಾಡ್ತಿದಾಳೆ. ಎರಡು ನಿಮಿಷ ತಡಿ. ಅವನನ್ನ ಹೋಗೋಕೆ ಬಿಡಬೇಡ, ಏನಾದ್ರೂ ಮಾತಾಡಿಸ್ತಾ ಇರು."

ವಾರ್ಡೆಲ್‌ನ ತಲೆ ಹೊರಗೆ ಹೋಯಿತು. ಎಜ್ರಾ ಪರದೆ ಎಳೆದ.

"ಯಾಕೆ ಕಿತ್ತೆ?"

"ಅವನು ನಿಂದು ಕೇಳ್ಲಿ ಅಂತ. ಒಂದ್ಸಲ ಕೇಳಿದ್ರೆ..."

"ನಂದು ಅಂತ ಅಲ್ಲಿ ಏನಿದೆ ಲುವೀನಿಯಾ?" ಸಿಟ್ಟಿರಲಿಲ್ಲ ಅವನ ದನಿಯಲ್ಲಿ, ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು. "ಊರಲ್ಲಿ ಕಪ್ಪೆ ಬಿಟ್ರೆ ನಾನೊಬ್ಬನೇ. ಅಷ್ಟೂ ಜಾಗ ನಾನೇ ತುಂಬಬೇಕಿತ್ತು. ಇಲ್ಲಿ ಜಾಗ ಎಲ್ಲಿದೆ? ಟ್ರಾಮ್ ಬರುತ್ತೆ, ಮೀನಿನವನು ಕೂಗ್ತಾನೆ, ವಾರ್ಡೆಲ್ ಬಾರಿಸ್ತಾನೆ. ಅವ್ರೆಲ್ಲ ಉಸಿರು ಎಳ್ಕೊಳ್ಳೋ ಕಡೆ ನಾನು ಎರಡು ಏಟು ಇಡ್ತೀನಿ. ಅಷ್ಟೇ ನನ್ನ ಕೆಲಸ. ಎರಡು ವರ್ಷದಿಂದ ಅವನ ಜೊತೆ ನುಡಿಸ್ತಿದೀನಿ. ಅವನಿಗೆ ಗೊತ್ತಿಲ್ಲ, ಗೊತ್ತಾಗೋದೂ ಬೇಡ. ಹತ್ತು ವರ್ಷ ಈ ಊರು ನನ್ನ ಒಳಗೇ ಬಿಟ್ಕೊಂಡಿರ್ಲಿಲ್ಲ. ಆ ಗದ್ದಲದಲ್ಲಿ ಬಿಟ್ಕೊಂಡಿತ್ತು. ನೀನು ಅವ್ರನ್ನೆಲ್ಲ ಕಿತ್ತು, ನನ್ನೊಬ್ಬನ್ನೇ ಬರಿಮೈಲಿ ಬೀದೀಲಿ ನಿಲ್ಲಿಸಿದೆ."

ಮಂಚದ ಮೇಲೆ ಮಲಗಿ, ಗೋಡೆ ನೋಡುತ್ತ, ಇವನು ಅಳುತ್ತಿದ್ದಾನೆಂದು ನಾನು ಎರಡು ವರ್ಷ ಮರುಗಿದ್ದೆ. ಇವನು ಅಲ್ಲೇ ಪಕ್ಕದಲ್ಲಿ ಕೂತು ಸುಖಪಡುತ್ತಿದ್ದ. ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಸಿಟ್ಟೂ ಬಂತು.

"ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು ನಿಂಗೆ? ಹಂಗಿದ್ರೆ ಯಾಕೆ ಮಾರ್ತೀಯ ಇದನ್ನ?"

ಅವನು ಬಲಗೈ ಚಾಚಿದ. ಆ ಕೈಯನ್ನು ನಾನು ಪ್ರತಿ ಚಳಿಗಾಲ ಹಂದಿಕೊಬ್ಬು ಹಚ್ಚಿ ತಿಕ್ಕಿದವಳು. ಗೆಣ್ಣುಗಳು ಶುಂಠಿಯ ಬೇರಿನಂತೆ ಊದಿಕೊಂಡಿದ್ದವು. ಹೆಬ್ಬೆರಳನ್ನು ಮಡಚಿ ಬಿಚ್ಚಿ ತೋರಿಸಿದ. ಬಿಚ್ಚುವಾಗ ಅದು ಒಂದು ಕ್ಷಣ ಯೋಚನೆ ಮಾಡುತ್ತಿತ್ತು.

"ಆ ಶೀತದ ಕೋಣೆ. ಹೋದ ತಿಂಗಳಿಂದ ತಡ ಆಗ್ತಿದೆ. ಒಂದು ಕೂದಲೆಳೆ ಅಷ್ಟೇ. ಉಸಿರು ಎಳ್ಕೊಳ್ಳೋ ಕಡೆ ಇಡ್ಬೇಕಾದ ಏಟು ಅವರ ಮಾತಿನ ಮೇಲೆ ಬೀಳ್ತಿದೆ. ಬೇರೆ ಯಾರಿಗೂ ಕೇಳಲ್ಲ, ನನಗೆ ಕೇಳುತ್ತೆ. ಇನ್ನೊಬ್ಬನ ಮಾತಿಗೆ ಅಡ್ಡ ಬರೋ ಮುದುಕ ಆಗೋಕೆ ಮೊದಲು ಎದ್ದು ಹೋಗೋಣ ಅಂತ."

ಹೊರಗೆ ವಾರ್ಡೆಲ್ ಯಾವುದೋ ಕತೆ ಹೇಳಿ ಬೂದು ಟೊಪ್ಪಿಯವನನ್ನು ಹಿಡಿದಿಟ್ಟುಕೊಳ್ಳಲು ಒದ್ದಾಡುತ್ತಿರುವುದು ಕೇಳುತ್ತಿತ್ತು.

"ಹಾಕು," ಅಂದ ಎಜ್ರಾ. "ಪಾಪ, ಆ ಹುಡುಗನ ಜೀವ ಹೋಗ್ತಿದೆ. ಹನ್ನೆರಡರ ತನಕ ನಾನೂ ಇರ್ತೀನಿ."

ಹಾಕಿದೆ. ತಿರುಪು ಎರಡು ಸಲ ಜಾರಿತು. ಮೂರನೆಯ ಸಲಕ್ಕೆ ಕೂತಿತು, ಗದ್ದಲ ಗೋಡೆ ಒಡೆದುಕೊಂಡು ಬಂದಂತೆ ಒಳಗೆ ಬಂತು. ಎಜ್ರಾ ಕಣ್ಣು ಮುಚ್ಚಿದ. ಹೆಬ್ಬೆರಳು ಆಡತೊಡಗಿತು, ಮತ್ತೆ ನನಗೆ ಏನೂ ಕೇಳಲಿಲ್ಲ.

ಕೆಳಗಿಳಿದು ಅವನ ಪಕ್ಕದಲ್ಲಿ ಕೂತೆ. ಏನು ತೋಚಿತೋ, ಗಿಟಾರಿನ ಹೊಟ್ಟೆಯ ಮೇಲೆ ಅಂಗೈ ಇಟ್ಟೆ. ಆಗ ಸಿಕ್ಕಿತು. ಟ್ರಾಮು ತಿರುವಿನಲ್ಲಿ ಕಿರುಚಿ ನಿಂತಿತು, ನನ್ನ ಅಂಗೈ ಕೆಳಗೆ ಎರಡು ಏಟು. ವಾರ್ಡೆಲ್ ತಂತಿಯನ್ನು ಮೇಲಕ್ಕೆಳೆದು ಬಿಟ್ಟ, ಮೂರು ಸ್ವರ ಮರದೊಳಗೆ ಇಳಿದುಹೋದವು. ಮೀನಿನವನು ಕೂಗಿದ, ಅವನಿಗೂ ಒಂದು ಉತ್ತರ. ಅವನು ಹೇಳಿದ್ದು ನಿಜ, ಪ್ರತಿ ಏಟೂ ಒಂದು ಕೂದಲೆಳೆ ತಡವಾಗಿ ಬರುತ್ತಿತ್ತು. ನನಗೇನೋ ಆ ತಡ ಹಿತವಾಗಿತ್ತು. ಇಡೀ ದಿನ ನಿಂತೇ ದುಡಿದವರು ಮನೆಗೆ ಬಂದು ಕುರ್ಚಿಗೆ ಕೂರುವಾಗ ಮಾಡುವಷ್ಟೇ ತಡ. ಅದನ್ನು ಅವನಿಗೆ ಹೇಳಬೇಕೆಂದುಕೊಂಡೆ. ಹೇಳುವ ಮೊದಲೇ ಅವನ ಭುಜಕ್ಕೆ ತಲೆ ಒರಗಿ ನಿದ್ದೆ ಹೋದೆ. ಆ ಎರಡು ವರ್ಷಗಳಲ್ಲಿ ಭಾನುವಾರ ಬೆಳಿಗ್ಗೆ ನಾನು ನಿದ್ದೆ ಮಾಡಿದ್ದು ಅದೇ ಮೊದಲು.

ಎಚ್ಚರವಾದಾಗ ಹೊರಗೆ ಸದ್ದಿರಲಿಲ್ಲ. ನನ್ನ ಮೇಲೆ ಹಳೆ ಕೌದಿ ಹೊದಿಸಿತ್ತು, ಗಿಟಾರಿನ ಕೌದಿ. ಎಜ್ರಾ ಕುರ್ಚಿಯ ಮೇಲೆ ನಿಂತು ಸೂರಿಗೆ ಏನೋ ಕೂರಿಸುತ್ತಿದ್ದ.

"ಏನದು?"

"ಜೋಡಿ ಹೋಲ್ಡರ್. ಒಂದು ಬಾಯಿಗೆ ಬಲ್ಬು, ಒಂದು ಬಾಯಿಗೆ ಅವನ ತಂತಿ. ಎರಡೂ ಯಾವಾಗ್ಲೂ ಇರುತ್ತೆ. ಕೆಳಗಿಂದ ಸರಪಣಿ ಎಳೆದ್ರೆ ಆಯ್ತು." ಎಳೆದು ತೋರಿಸಿದ. ಬಲ್ಬು ಹತ್ತಿತು. "ಇನ್ನು ಕುರ್ಚಿ ಹತ್ತಬೇಡ. ಕೈ ಎತ್ತೋಕಾಗಲ್ಲ ನಿಂಗೆ, ನೋಡಿದೀನಿ."

"ಗಿಟಾರ್‌ಗೆ ಒಂದು ಹೋಲ್ಡರ್ ಕೊಟ್ನಾ ಆ ಮುದುಕ?"

"ಚಳಿಗಾಲಕ್ಕಾಗೋಷ್ಟು ಕಲ್ಲಿದ್ದಲೂ ಕೊಡಿಸ್ತಾನೆ. 'ಏನಾಗಿದೆ ಇದಕ್ಕೆ?' ಅಂದ. ಇದಕ್ಕೇನೂ ಆಗಿಲ್ಲ ಅಂದೆ."

ನಾನು ಕೌದಿಯೊಳಗೆ ಮುಖ ಹುದುಗಿಸಿ ಅತ್ತೆ. ಅವನು ಕೋಳಿ ಹಿಡಿದುಕೊಂಡು ಹಿತ್ತಲಿಗೆ ಹೋದ. ಆವತ್ತು ಆಣೆ ಮುರಿದು ಅವನೇ ಅದರ ಕೆಲಸ ಮುಗಿಸಿದ.

ವಾರ್ಡೆಲ್‌ನ ರೆಕಾರ್ಡು ಆ ಚಳಿಗಾಲವೇ ಬಂತು. ಮೂಲೆಯ ಹೆಂಡದಂಗಡಿಯಲ್ಲಿ ಅದನ್ನು ಮೊದಲ ಸಲ ಕೇಳಿದಾಗ ಎಜ್ರಾ ಗ್ಲಾಸು ಕೆಳಗಿಟ್ಟು ಕೊನೆಯವರೆಗೂ ಕೇಳಿದ. ಆಮೇಲೆ, "ಚೆನ್ನಾಗಿದೆ, ಜಾಗ ಬಿಟ್ಟಿದಾನೆ" ಅಂದ. ಎಜ್ರಾ ತೀರಿಹೋಗಿ ಈಗ ಹನ್ನೊಂದು ವರ್ಷ. ಮೊನ್ನೆ ಯೂನಿವರ್ಸಿಟಿಯ ಹುಡುಗಿಯೊಬ್ಬಳು ಟೇಪ್ ಯಂತ್ರ ಹೊತ್ತುಕೊಂಡು ಬಂದು, ಈ ಊರಿನ ಸಂಗೀತ ಅಷ್ಟು ಜೋರಾದದ್ದು ಹೇಗೆ ಎಂದು ಕೇಳಿದಳು. ಜೋರಾಗಿ ನುಡಿಸಿದವರ ಹೆಸರೆಲ್ಲ ಹೇಳಿದೆ. ಬರೆದುಕೊಂಡು ಹೋದಳು. ನನಗೆ ದಣಿವಾಗಿತ್ತು, ಉಳಿದದ್ದು ಹೇಳಲಿಲ್ಲ.

ಅವಳು ಹೋದ ಮೇಲೆ ಆ ರೆಕಾರ್ಡು ಹಾಕಿದೆ. ಸವೆದು ಕರಕರ ಅನ್ನುತ್ತದೆ. ವಾರ್ಡೆಲ್ ತಂತಿಯನ್ನು ಮೇಲಕ್ಕೆಳೆದು ಬಿಟ್ಟು ಉಸಿರು ತೆಗೆದುಕೊಳ್ಳುತ್ತಾನಲ್ಲ, ಅಲ್ಲಿ ನಾನು ಹೆಬ್ಬೆರಳಿನಿಂದ ಮೇಜಿನ ಮೇಲೆ ಎರಡು ಏಟು ಇಡುತ್ತೇನೆ. ಸ್ವಲ್ಪ ತಡ ಮಾಡಿ ಇಡುತ್ತೇನೆ.